ಡಾಕ್ಟರ್ ಮಂತ್ರಿಯಾದರೆ ಏನು ಬದಲಾಗುತ್ತದೆ?

ಕೇಂದ್ರದಲ್ಲಿ ಡಾಕ್ಟರೊಬ್ಬರು ಆರೋಗ್ಯ ಸಚಿವರಾದಾಗ ನಮ್ಮ ಒಪಿಡಿಯಲ್ಲಿ ಒಂದು ಮಾತು ಬಂದೇ ಬರುತ್ತದೆ: “ನಿಮ್ಮೋರೇ ಮಂತ್ರಿ ಆಗ್ಯಾರ್ರಿ ಸಾಹೇಬ್ರ, ಇನ್ ಎಲ್ಲಾ ಛಲೋ ಆಗ್ತದ.” ಕಲಬುರಗಿ ಸೀಮೆಗೆ ವೈದ್ಯ ರಾಜಕಾರಣಿಗಳು ಹೊಸಬರಲ್ಲ. ಸೇಡಂನ ಶರಣಪ್ರಕಾಶ ಪಾಟೀಲರು ವೈದ್ಯರು. 2019ರಲ್ಲಿ ಇಲ್ಲಿಂದ ಲೋಕಸಭೆಗೆ ಹೋದ ಉಮೇಶ್ ಜಾಧವ್ ಸರ್ಜನ್. ಜನ ಆಸೆ ಇಟ್ಟುಕೊಳ್ಳುವುದು ಸಹಜ. ಆದರೆ ಎಂಬಿಬಿಎಸ್ ಒಂದೇ ಸಾಲದು.

ನಮಗೆ ಕಾಲೇಜಿನಲ್ಲಿ ಕಲಿಸುವುದು ಎದುರಿಗೆ ಕೂತ ರೋಗಿಯನ್ನು ನೋಡುವುದಕ್ಕೆ. ನಾಡಿ, ಬಿಪಿ, ರಕ್ತಪರೀಕ್ಷೆ, ಚೀಟಿ. ಆಸ್ಪತ್ರೆಗೆ ಬಾರದವರ ಲೆಕ್ಕ ನಮ್ಮ ಟೇಬಲ್ ಮೇಲೆ ಇರುವುದಿಲ್ಲ. ಸಚಿವರ ಕೆಲಸ ಶುರುವಾಗುವುದೇ ಆ ಲೆಕ್ಕದಿಂದ.

ಪೋಲಿಯೊ ನೋಡಿ. ಹರ್ಷವರ್ಧನ್ ಕಿವಿ, ಮೂಗು, ಗಂಟಲಿನ ತಜ್ಞರು. ದೆಹಲಿ ರಾಜ್ಯದ ಆರೋಗ್ಯ ಸಚಿವರಾಗಿದ್ದಾಗ, 1994ರ ಅಕ್ಟೋಬರ್ 2ರಂದು, ಊರಿನ ಚಿಕ್ಕ ಮಕ್ಕಳಿಗೆಲ್ಲ ಒಂದೇ ದಿನ ಹನಿ ಹಾಕಿಸಲು ಹೊರಟರು. ಮರುವರ್ಷ ಅದು ದೇಶದ ಕಾರ್ಯಕ್ರಮವಾಯಿತು. ಒಂದೇ ದಿನ ಯಾಕೆ? ಎಲ್ಲ ಮಕ್ಕಳ ಕರುಳಿನಲ್ಲೂ ಲಸಿಕೆಯ ವೈರಸ್ ಒಟ್ಟಿಗೆ ನೆಲೆಸಿದರೆ ರೋಗದ ವೈರಸ್‌ಗೆ ಹರಡಲು ದಾರಿ ಸಿಗುವುದಿಲ್ಲ. ಬಿಟ್ಟುಹೋದ ಮಕ್ಕಳೇ ಅದಕ್ಕೆ ದಾರಿ. ಅದಕ್ಕೇ ಎಡಗೈ ಕಿರುಬೆರಳಿಗೆ ಶಾಯಿ. ಅದಕ್ಕೇ ಗೋಡೆ ಮೇಲೆ ಸೀಮೆಸುಣ್ಣದ ಗುರುತು: ಎಲ್ಲರಿಗೂ ಹಾಕಿದ್ದರೆ ‘ಪಿ’, ಒಂದು ಮಗು ಉಳಿದಿದ್ದರೂ ‘ಎಕ್ಸ್’. ತಂಡ ಮತ್ತೆ ಹೋಗುವುದು ಆ ಎಕ್ಸ್ ಮನೆಗಳಿಗೆ. ವಾಡಿ ಜಂಕ್ಷನ್ನಿನಂಥ ನಿಲ್ದಾಣದಲ್ಲಿ ರೈಲು ಬದಲಿಸುವ ಮಕ್ಕಳನ್ನೂ ಬಿಡುವಂತಿಲ್ಲ. ದೇಶದ ಕೊನೆಯ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಹರ್ಷವರ್ಧನ್ ಕೇಂದ್ರ ಸಚಿವರಾಗಿದ್ದು ಆಮೇಲೆ, 2014ರಲ್ಲಿ. ಅವರ ಉಳಿದ ಕೆಲಸದ ಬಗ್ಗೆ ಯಾರು ಏನೇ ಹೇಳಲಿ, ಎಕ್ಸ್ ಮನೆ ಹುಡುಕುವ ಈ ಬುದ್ಧಿ ದೊಡ್ಡದು.

ಸುಶೀಲಾ ನಾಯರ್ ಗಾಂಧೀಜಿಯವರ ವೈದ್ಯೆ ಅಂತ ಎಲ್ಲರಿಗೂ ಗೊತ್ತು. ಅವರು ಅಮೆರಿಕಕ್ಕೆ ಹೋಗಿ ಸಾರ್ವಜನಿಕ ಆರೋಗ್ಯವನ್ನೂ ಓದಿದ್ದರು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. 1962ರಿಂದ 67ರವರೆಗೆ ಕೇಂದ್ರ ಸಚಿವೆ. 1969ರಲ್ಲಿ ಸೇವಾಗ್ರಾಮದಲ್ಲಿ ಮೆಡಿಕಲ್ ಕಾಲೇಜು ಕಟ್ಟಿದರು. ಅಲ್ಲಿನ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ಮನೆಮನೆ ಸರ್ವೆ ಮಾಡಬೇಕು.

ಇನ್ನು ಕಾನೂನಿನ ಬಲ. ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬೀಡಿ ಬಿಡಪ್ಪಾ ಅನ್ನುತ್ತೇನೆ. ಕೆಲವರು ಬಿಡುತ್ತಾರೆ, ಜಾಸ್ತಿ ಜನ ಬಿಡುವುದಿಲ್ಲ. ಅನ್ಬುಮಣಿ ರಾಮದಾಸ್, ಅವರೂ ಎಂಬಿಬಿಎಸ್, ಸಚಿವರಾಗಿದ್ದಾಗ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಸೇದುವುದಕ್ಕೆ ನಿಷೇಧ ಬಂತು. ಬೀಡಿ ಮುಟ್ಟದೆಯೂ ಹೊಗೆ ಕುಡಿಯುತ್ತಿದ್ದವರಿಗೆ ಅದರಿಂದ ರಕ್ಷಣೆ ಸಿಕ್ಕಿತು. ಅವರ್ಯಾರೂ ನನ್ನ ಹತ್ತಿರ ಬರುವವರಲ್ಲ, ಅಲ್ವಾ?

ಹಾಗಂತ ದೆಹಲಿಯ ಸಚಿವರು ಎಲ್ಲವನ್ನೂ ಮಾಡಲಾರರು. ಸಂವಿಧಾನದಲ್ಲಿ ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ಶಹಾಪುರಕ್ಕೆ ಅರಿವಳಿಕೆ ತಜ್ಞರು ಬೇಕಾದರೆ ಬೆಂಗಳೂರನ್ನೇ ಕೇಳಬೇಕು. ಆದರೆ ಎರಡು ರಾಜ್ಯಗಳ ನಡುವಿನ ಕೆಲಸ ಇದೆಯಲ್ಲ, ಅಲ್ಲಿ ಬೆಂಗಳೂರಿನ ಕೈ ಸಾಲದು.

ಯಾದಗಿರಿ ಕಡೆಯಿಂದ ಗುಳೆ ಹೋಗುವವರು ನಮಗೆ ಹೊಸಬರಲ್ಲ. ರಕ್ತ ಕಡಿಮೆ ಇರುವ ಬಸುರಿ ಹೆಣ್ಣುಮಗಳು ತಾಯಿ ಕಾರ್ಡ್ ಹಿಡಿದು ಬರುತ್ತಾಳೆ. “ದೀಪಾವಳಿ ಆದ್ ಮ್ಯಾಲ ಪುಣೆಕ್ಕ ಹೊಂಟೀವ್ರಿ. ಗುಳಗಿ ಎಲ್ಲಾ ಒಮ್ಮೆ ಕೊಟ್ಬಿಡ್ರಿ.” ಕಬ್ಬಿಣದ ಗುಳಿಗೆ ಕೊಡಬಹುದು. ಮುಂದಿನ ತಪಾಸಣೆ? ಹೆರಿಗೆ? ಮಗುವಿನ ಲಸಿಕೆ? ಪುಣೆಯ ಕಟ್ಟಡದ ಸೈಟಿನ ಪಕ್ಕದ ಶೆಡ್ಡಿನಲ್ಲಿ ಆಕೆ ಇದ್ದಾಳೆಂದು ಅಲ್ಲಿನ ಆಶಾ ಕಾರ್ಯಕರ್ತೆಗೆ ಯಾರು ಹೇಳಬೇಕು? ಆಕೆಯ ಹೆಸರು, ಹಿಮೋಗ್ಲೋಬಿನ್, ಹೆರಿಗೆಯ ಅಂದಾಜು ದಿನ, ಇಷ್ಟು ಮಾಹಿತಿ ಆಕೆ ಬಸ್ಸಿಳಿಯುವ ಮೊದಲೇ ಅಲ್ಲಿನ ಆರೋಗ್ಯ ಕೇಂದ್ರದಲ್ಲಿರಬೇಕು. ವೈದ್ಯರಾಗಿದ್ದು ಸಚಿವರಾದವರಿಂದ ನಾನು ಮೊದಲು ಬಯಸುವುದು ಇದನ್ನೇ.