ಪದ ಪರಿಚಯ: ಪತಿತ ನಾಯಕ

ಕಥೆಯ ಮೊದಲಲ್ಲಿ ನಾವು ಮೆಚ್ಚಿದ, ನಂಬಿದ, ಗೆಲ್ಲಲಿ ಎಂದು ಹಾರೈಸಿದ ವ್ಯಕ್ತಿಯೇ ಬರಬರುತ್ತಾ ಅಧಿಕಾರದ ಹಸಿವಿಗೆ ಸಿಕ್ಕಿ ಖಳನಾಗಿ ನಿಂತರೆ ಅವನನ್ನು ಪತಿತ ನಾಯಕ ಎನ್ನುತ್ತಾರೆ. ವಿಡಿಯೊ ಗೇಮ್ ಆಡುವ ಹುಡುಗರು ‘ಫಾಲನ್ ಹೀರೋ’ ಎನ್ನುವುದು ಇವನನ್ನೇ. ಮಾಯಾಲೋಕದ ಗೇಮ್‌ಗಳಲ್ಲಿ ಅವನು ಬಹುಮಟ್ಟಿಗೆ ರಾಜಕುಮಾರನೋ ಸಾಮಂತನೋ ಆಗಿರುತ್ತಾನೆ. ಪದವಿ ಕುಲದಿಂದ ಬಂದಿರುತ್ತದೆ, ಸದ್ಗುಣ ಗುರುಗಳಿಂದ ಬಂದಿರುತ್ತದೆ, ಪ್ರಜೆಗಳ ಪ್ರೀತಿ ತಾನಾಗಿ ಬಂದಿರುತ್ತದೆ. ಹುಟ್ಟಾ ದುಷ್ಟನಾದವನಿಗೆ ಈ ಹೆಸರು ಸಲ್ಲುವುದಿಲ್ಲ. ಒಳಗೊಳಗೇ ಕೆಟ್ಟವನಾಗಿದ್ದು ಕೊನೆಗೆ ಮುಖವಾಡ ಕಳಚುವವನಿಗೂ ಸಲ್ಲುವುದಿಲ್ಲ. ಪತಿತ ನಾಯಕನ ಒಳ್ಳೆಯತನ ನಿಜವಾದದ್ದು. ಅವನು ಜಾರುವ ದಾರಿಯೂ ಆ ಒಳ್ಳೆಯತನದಿಂದಲೇ ಶುರುವಾಗುತ್ತದೆ. ಈ ಪರಿಕಲ್ಪನೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಕೊನೆಯ ಅಂಶ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಆರ್ಥಸ್ ಮೆನೆಥಿಲ್. ಅಮೆರಿಕದ ಬ್ಲಿಝಾರ್ಡ್ ಕಂಪನಿ 2002ರಲ್ಲಿ ಹೊರತಂದ ‘ವಾರ್‌ಕ್ರಾಫ್ಟ್ 3’ ಗೇಮ್‌ನಲ್ಲಿ ಇವನು ಲಾರ್ಡೆರಾನ್ ರಾಜ್ಯದ ಯುವರಾಜ, ವೃದ್ಧ ರಾಜ ಟೆರೆನಸ್‌ನ ಮಗ. ಊಥರ್ ಎಂಬ ಹಿರಿಯ ಯೋಧನ ಕೈಕೆಳಗೆ ಪಳಗಿದ ಪ್ಯಾಲಡಿನ್, ಅಂದರೆ ದೈವೀ ಬೆಳಕಿನ ಹೆಸರಿನಲ್ಲಿ ದೀಕ್ಷೆ ಪಡೆದು ದುರ್ಬಲರನ್ನು ಕಾಯುವ ವೀರ. ಅವನ ಆಯುಧ ಒಂದು ಭಾರಿ ಸುತ್ತಿಗೆ. ಆಟದ ಮೊದಲ ಅಧ್ಯಾಯದಲ್ಲಿ ಅವನು ಒಂದು ಹಳ್ಳಿಯನ್ನು ದಾಳಿಕೋರರಿಂದ ಉಳಿಸಲು ಓಡುತ್ತಾನೆ. ಸ್ವಲ್ಪ ದುಡುಕಿನ ಸ್ವಭಾವ, ಅದನ್ನು ಊಥರ್ ಆಗಾಗ ತಿದ್ದುತ್ತಾನೆ. ಅಷ್ಟು ಬಿಟ್ಟರೆ ಹೆಸರಿಡುವಂಥದ್ದು ಏನೂ ಇಲ್ಲ.

ಆಮೇಲೆ ರಾಜ್ಯಕ್ಕೆ ಒಂದು ಪಿಡುಗು ಬರುತ್ತದೆ. ಆಂಡೋರ್ಹಾಲ್ ಎಂಬ ಊರಿನ ಉಗ್ರಾಣದಿಂದ ಹಳ್ಳಿಹಳ್ಳಿಗೆ ಹೋಗುವ ಧಾನ್ಯದಲ್ಲಿ ರೋಗ ಬೆರೆತಿದೆ. ಅದನ್ನು ಉಂಡವರು ಸಾಯುತ್ತಾರೆ, ಸತ್ತವರು ಎದ್ದು ಶತ್ರುಗಳ ಸೇನೆ ಸೇರುತ್ತಾರೆ. ಆರ್ಥಸ್ ಸ್ಟ್ರಾಥೋಲ್ಮ್ ನಗರಕ್ಕೆ ಬರುವ ಹೊತ್ತಿಗೆ ಧಾನ್ಯ ಮನೆಮನೆಗೆ ಹಂಚಿಹೋಗಿದೆ. ಜನ ಇನ್ನೂ ಮನುಷ್ಯರಾಗಿಯೇ ಇದ್ದಾರೆ, ಆದರೆ ಹೆಚ್ಚು ಹೊತ್ತು ಹಾಗೆ ಇರುವುದಿಲ್ಲ. ಇಡೀ ಊರನ್ನು ಕೊಲ್ಲಬೇಕು ಎನ್ನುತ್ತಾನೆ ಆರ್ಥಸ್. ಬೇರೆ ದಾರಿ ಇರಲೇಬೇಕು ಎನ್ನುತ್ತಾನೆ ಊಥರ್. ಆ ಕ್ಷಣದಲ್ಲಿಯೇ ಶಿಷ್ಯನು ಗುರುವಿನ ಅಧಿಕಾರ ಕಿತ್ತುಕೊಂಡು, ಅವನ ಯೋಧರನ್ನೆಲ್ಲ ಸೇವೆಯಿಂದ ಅಮಾನತು ಮಾಡುತ್ತಾನೆ. ಅವನನ್ನು ಪ್ರೀತಿಸುತ್ತಿದ್ದ ಜೇನಾ ಇದನ್ನು ನೋಡಲಾರೆ ಎಂದು ಹೊರಟುಹೋಗುತ್ತಾಳೆ.

ಕಾದಂಬರಿಯಾಗಿದ್ದರೆ ಮುಂದಿನದನ್ನು ನಾವು ಓದುತ್ತಿದ್ದೆವು. ಗೇಮ್‌ನಲ್ಲಿ ಅದನ್ನು ನಾವೇ ಮಾಡಬೇಕು. ಮಾಲ್‌ಗಾನಿಸ್ ಎಂಬ ಪಿಶಾಚಿ ಅದೇ ಊರಿನಲ್ಲಿ ಜನರನ್ನು ತನ್ನ ಸೇನೆಗೆ ಸೆಳೆದುಕೊಳ್ಳುತ್ತಿರುತ್ತಾನೆ. ಅವನು ನೂರು ಜನರನ್ನು ಸೆಳೆಯುವ ಮೊದಲು ನಾವು ನೂರು ಜನರನ್ನು ಮುಗಿಸಬೇಕು. ಮನೆಗಳನ್ನು ಒಡೆದರೆ ಒಳಗಿನವರು ಹೊರಗೆ ಓಡಿಬರುತ್ತಾರೆ. ಆಡುವವರ ಗಮನವೆಲ್ಲ ಎಣಿಕೆಯ ಮೇಲೆ. ಯಾರು ಮುಂದಿದ್ದಾರೆ, ಇನ್ನೆಷ್ಟು ಬಾಕಿ, ಯಾವ ಬೀದಿ ಉಳಿದಿದೆ ಎಂಬುದೇ ಲೆಕ್ಕ. ಸತ್ತವರು ಯಾರು ಎಂಬ ಪ್ರಶ್ನೆ ಏಳುವುದಕ್ಕೆ ಆಟ ಬಿಡುವನ್ನೇ ಕೊಡುವುದಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಮನಸ್ಸು ಹೇಗೆ ಕಲ್ಲಾಗುತ್ತದೆ ಎಂಬುದನ್ನು ನಮ್ಮ ಬೆರಳಿನಿಂದಲೇ ಮಾಡಿಸಿ ತೋರಿಸುವ ಈ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಸ್ಟ್ರಾಥೋಲ್ಮ್‌ನಲ್ಲಿ ಆರ್ಥಸ್ ಮಾಡಿದ್ದು ಸರಿಯೇ ತಪ್ಪೇ ಎಂಬ ವಾದ ಹಾಸನದ ಹುಡುಗರ ನಡುವೆ ಈಗಲೂ ಬಿಸಿಯಾಗಿಯೇ ನಡೆಯುತ್ತದೆ. ನಾನು ಪದವಿ ತರಗತಿಗಳಿಗೆ ಹಳಗನ್ನಡ ಪಾಠ ಮಾಡುವವನು. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯುವಾಗ ಈ ಮಾತು ಎಷ್ಟೋ ಸಲ ಬಂದಿದೆ. ಆಲೂರು ಕಡೆಯ ಒಬ್ಬ ರೈತನ ಮಗ ಹೇಳಿದ್ದು ನನಗೆ ಬಹಳ ಹಿಡಿಸಿತು: “ಸರ್, ಬಿತ್ತನೆ ಆಲೂಗಡ್ಡೆಯಲ್ಲಿಯೇ ಅಂಗಮಾರಿ ಅಡಗಿ ಬಂದರೆ ಮೂಟೆ ಬಿಚ್ಚಿದಾಗ ಏನೂ ಕಾಣುವುದಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ನಾಲ್ಕು ದಿನದಲ್ಲಿ ಹೊಲ ಕರಕಲು. ಆಗ ರೋಗದ ಗಿಡ ಕೀಳಲೇಬೇಕು. ಆದರೆ ಕೀಳುವಾಗ ನಮ್ಮ ಅಪ್ಪ ಅಳುತ್ತಾರೆ. ಆರ್ಥಸ್ ಅಳಲಿಲ್ಲ, ಸರ್.” ನನ್ನ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ. ಆ ನಿರ್ಧಾರಕ್ಕೆ ಸಮರ್ಥನೆ ಇರಬಹುದು. ಅದನ್ನು ತೆಗೆದುಕೊಂಡ ರೀತಿಗೆ ಇಲ್ಲ. ಬೇಡ ಎಂದವರನ್ನು ರಾಜದ್ರೋಹಿಗಳೆಂದು ಜರೆದು ಹೊರಗೆ ಕಳುಹಿಸಿದ ಮೇಲೆ ಅವನ ಸುತ್ತ ಉಳಿದವರು ಹೂಂಗುಟ್ಟುವವರು ಮಾತ್ರ.

ಸ್ಟ್ರಾಥೋಲ್ಮ್‌ನ ಬಗ್ಗೆ ಇಷ್ಟು ಮಾತಾಡುವವರು ಅದರ ನಂತರದ ಒಂದು ಘಟನೆಯನ್ನು ಮರೆತೇಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಕೀಲು ಅಲ್ಲಿದೆ. ಮಾಲ್‌ಗಾನಿಸ್‌ನ ಬೆನ್ನಟ್ಟಿ ಆರ್ಥಸ್ ನಾರ್ತ್‌ರೆಂಡ್ ಎಂಬ ಹಿಮದ ನಾಡಿಗೆ ಸೇನೆಯೊಂದಿಗೆ ಹಡಗಿನಲ್ಲಿ ಬರುತ್ತಾನೆ. ಅಲ್ಲಿಗೆ ರಾಜನ ದೂತ ಬಂದು, ಸೈನಿಕರು ಕೂಡಲೇ ಮನೆಗೆ ಮರಳಬೇಕೆಂಬ ಆಜ್ಞೆ ತಲುಪಿಸುತ್ತಾನೆ. ಸೈನಿಕರು ಸಂತೋಷದಿಂದ ಹಡಗುಗಳ ಕಡೆ ಹೊರಡುತ್ತಾರೆ. ಆರ್ಥಸ್ ಏನು ಮಾಡುತ್ತಾನೆ? ಕೂಲಿ ಯೋಧರನ್ನು ಹಣಕ್ಕೆ ಹಿಡಿದು, ಸೈನಿಕರು ತಲುಪುವ ಮೊದಲೇ ತನ್ನದೇ ಹಡಗುಗಳಿಗೆ ಬೆಂಕಿ ಹಚ್ಚಿಸುತ್ತಾನೆ. ಸೈನಿಕರು ಬಂದು ಉರಿಯುವ ಹಡಗುಗಳನ್ನು ನೋಡಿ ದಿಗ್ಭ್ರಮೆಗೊಂಡಾಗ, ಈ ಕೂಲಿಯವರೇ ಸುಟ್ಟವರು ಎಂದು ಬೆರಳು ತೋರಿಸಿ ಅವರನ್ನೇ ಕೊಲ್ಲಿಸುತ್ತಾನೆ. ಇಷ್ಟೂ ಕೆಲಸವನ್ನು ಆಡುವವರೇ ಮುಂದೆ ನಿಂತು ನಡೆಸಬೇಕು. ಪಕ್ಕದಲ್ಲಿದ್ದ ಗೆಳೆಯ ಮುರಾಡಿನ್, ನಿನ್ನವರಿಗೆ ಸುಳ್ಳು ಹೇಳಿದೆ, ನಿನಗಾಗಿ ಹೋರಾಡಿದವರಿಗೆ ದ್ರೋಹ ಮಾಡಿದೆ, ನಿನಗೆ ಏನಾಗಿದೆ ಎಂದು ಕೇಳುತ್ತಾನೆ. ಆ ಪಿಶಾಚಿ ನನ್ನ ನಾಡಿಗೆ ಏನು ಮಾಡಿತೆಂದು ನೀನು ನೋಡಿಲ್ಲ ಎಂಬುದು ಆರ್ಥಸ್‌ನ ಉತ್ತರ. ನಾಡಿನ ಹೆಸರು ಬಾಯಲ್ಲಿ ಇನ್ನೂ ಇದೆ. ಆದರೆ ಆ ನಾಡಿನ ಮಕ್ಕಳು ಮನೆಗೆ ಹೋಗುವ ಹಡಗು ಬೂದಿಯಾಗಿದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆರ್ಥಸ್‌ನ ಪರ ವಾದಿಸುವವರು ಸಾಮಾನ್ಯವಾಗಿ ತಪ್ಪನ್ನೆಲ್ಲ ಖಡ್ಗದ ಮೇಲೆ ಹಾಕುತ್ತಾರೆ. ನಾರ್ತ್‌ರೆಂಡ್‌ನ ಒಂದು ಗುಹೆಯಲ್ಲಿ ಹಿಮದೊಳಗೆ ಹುದುಗಿದ್ದ ಫ್ರಾಸ್ಟ್‌ಮೋರ್ನ್ ಎಂಬ ಖಡ್ಗ ಅವನ ಆತ್ಮವನ್ನೇ ಕಸಿದುಕೊಂಡಿತು, ಆಮೇಲೆ ಆದದ್ದಕ್ಕೆ ಅವನು ಹೊಣೆಯಲ್ಲ ಎಂಬುದು ಅವರ ನಿಲುವು. ಖಡ್ಗ ಆತ್ಮವನ್ನು ಕಸಿದದ್ದು ನಿಜ. ಆದರೆ ಹಡಗು ಸುಟ್ಟದ್ದು ಖಡ್ಗ ಸಿಗುವುದಕ್ಕೂ ಮೊದಲು. ಖಡ್ಗಕ್ಕೆ ಶಾಪವಿದೆ, ಅದನ್ನು ಹಿಡಿದವನಿಗೆ ಕೊನೆಯಿಲ್ಲದ ಬಲ ಬಂದರೂ ಆತ್ಮಕ್ಕೆ ಗಾಯವಾಗುತ್ತದೆ ಎಂಬ ಬರಹವನ್ನು ಮುರಾಡಿನ್ ಅಲ್ಲಿಯೇ ಓದಿ ಹೇಳುತ್ತಾನೆ. ನಾಡಿಗಾಗಿ ಯಾವ ಶಾಪವನ್ನಾದರೂ ಹೊರುತ್ತೇನೆ ಎಂದು ಆರ್ಥಸ್ ತಿಳಿದೇ ಕೈ ಚಾಚುತ್ತಾನೆ. ಸಿಡಿದ ಮಂಜುಗಡ್ಡೆಯ ಚೂರು ಬಡಿದು ಮುರಾಡಿನ್ ಬೀಳುತ್ತಾನೆ. ಆರ್ಥಸ್ ತನ್ನ ಸುತ್ತಿಗೆಯನ್ನು ಅಲ್ಲಿಯೇ ಬಿಟ್ಟು ಖಡ್ಗ ಎತ್ತಿಕೊಳ್ಳುತ್ತಾನೆ.

ರಾಜಧಾನಿಗೆ ಮರಳಿದ ಯುವರಾಜನಿಗೆ ಜನ ಹೂವಿನ ಎಸಳು ತೂರಿ ಸ್ವಾಗತ ಕೋರುತ್ತಾರೆ. ಅವನು ನೇರ ದರ್ಬಾರಿಗೆ ನಡೆದು ತಂದೆಯನ್ನು ಸಿಂಹಾಸನದ ಮುಂದೆಯೇ ಕೊಲ್ಲುತ್ತಾನೆ. ಪಟ್ಟ ಹೇಗಿದ್ದರೂ ಅವನಿಗೇ ಬರುವುದಿತ್ತು. ಕಾದಿದ್ದರೆ ಸಾಕಿತ್ತು.

ಗೇಮ್‌ನ ಒಳಗಿನ ಇನ್ನೊಂದು ಕುಶಲತೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಸಾಹಿತ್ಯದವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಪ್ಯಾಲಡಿನ್ ಆಗಿದ್ದಾಗ ಆರ್ಥಸ್‌ಗೆ ನಾಲ್ಕು ಶಕ್ತಿಗಳಿರುತ್ತವೆ. ಕಥೆಯ ಎರಡನೆಯ ಭಾಗದಲ್ಲಿ ಅವನು ಡೆತ್ ನೈಟ್, ಅಂದರೆ ಪ್ರೇತಸೇನೆಯ ಯೋಧ, ಆಗಿ ಬಂದಾಗಲೂ ನಾಲ್ಕು ಶಕ್ತಿಗಳಿರುತ್ತವೆ, ಆದರೆ ಎಲ್ಲವೂ ತಿರುವುಮುರುವು. ಹಿಂದೆ ‘ಹೋಲಿ ಲೈಟ್’ ಜೀವಂತ ಸಂಗಡಿಗರನ್ನು ಗುಣಪಡಿಸಿ ಪ್ರೇತಗಳನ್ನು ಸುಡುತ್ತಿತ್ತು. ಈಗ ‘ಡೆತ್ ಕಾಯಿಲ್’ ಪ್ರೇತಗಳನ್ನು ಗುಣಪಡಿಸಿ ಜೀವಂತರನ್ನು ಗಾಯಗೊಳಿಸುತ್ತದೆ. ಹಿಂದೆ ಸತ್ತ ಸಂಗಡಿಗರಿಗೆ ಮತ್ತೆ ಬದುಕು ಕೊಡುತ್ತಿದ್ದವನು ಈಗ ಹೆಣಗಳನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಎಬ್ಬಿಸಿ ಕಾದಾಡಲು ಬಿಡುತ್ತಾನೆ. ಎಲ್ಲಕ್ಕಿಂತ ಕಟುವಾದದ್ದು ‘ಡೆತ್ ಪ್ಯಾಕ್ಟ್’. ಹಿಂದೆ ಪ್ರಾಣಕ್ಕೆ ಕುತ್ತು ಬಂದಾಗ ಬೆಳಕಿನ ಕವಚವೊಂದು ಅವನನ್ನು ಕಾಯುತ್ತಿತ್ತು. ಈಗ ಅಂಥ ಹೊತ್ತಿನಲ್ಲಿ ಅವನು ತನ್ನದೇ ಪಡೆಯ ಒಬ್ಬನನ್ನು ಬಲಿಕೊಟ್ಟು ತನ್ನ ಜೀವ ಉಳಿಸಿಕೊಳ್ಳುತ್ತಾನೆ. ಒಂದು ಮಾತಿನ ವಿವರಣೆಯೂ ಇಲ್ಲದೆ, ಬರಿಯ ನಾಲ್ಕು ಗುಂಡಿಗಳಲ್ಲಿ ಪತನದ ಅರ್ಥ ಇಡೀ ಬಂದಿದೆ.

ಕನ್ನಡಿಗರಿಗೆ ಇದು ಹೊಸ ಬಗೆಯ ಪಾತ್ರವೇನಲ್ಲ. ಹನ್ನೆರಡನೆಯ ಶತಮಾನದ ಆಸುಪಾಸಿನ ಕವಿ ನಾಗಚಂದ್ರ ಜೈನ ಪರಂಪರೆಯ ರಾಮಕಥೆ ಬರೆದಾಗ ರಾವಣನನ್ನು ಇದೇ ಜಾಡಿನಲ್ಲಿ ಕಂಡ. ಅಲ್ಲಿಯ ರಾವಣ ರಾಕ್ಷಸನಲ್ಲ, ವಿದ್ಯಾಧರ ಕುಲದ ಘನವಂತ ಅರಸ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂಬ ವ್ರತ ಹಿಡಿದವನು. ಸೀತೆಯನ್ನು ಕಂಡು ಮನಸ್ಸು ಕದಡಿ ಅವಳನ್ನು ಕದ್ದು ತರುತ್ತಾನೆ. ಕಡೆಗೆ ತನ್ನ ಮಾತು ಕೇಳಿ ಅವಳು ಮೂರ್ಛೆ ಹೋದದ್ದನ್ನು ಕಂಡು ಕರಗಿ, ತನ್ನನ್ನೇ ಹಳಿದುಕೊಂಡು, ಹಿಂದಿರುಗಿಸಲು ಮನಸ್ಸು ಮಾಡುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಎನ್ನುತ್ತಾರಲ್ಲ, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎಂದು ಹೊರಟು ಸಾಯುತ್ತಾನೆ. ಈ ಭಾಗ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ “ಇವನು ಆರ್ಥಸ್, ಸರ್” ಎಂಬ ದನಿ ಬರುತ್ತದೆ. ಹೋಲಿಕೆ ಒಪ್ಪಬೇಕಾದದ್ದೇ. ಒಂದು ವ್ಯತ್ಯಾಸವನ್ನು ಮಾತ್ರ ನಾನು ತಪ್ಪದೆ ಹೇಳುತ್ತೇನೆ. ರಾವಣನಿಗೆ ತಪ್ಪಿನ ಅರಿವಾಗುತ್ತದೆ, ಅಭಿಮಾನ ಅಡ್ಡ ಬರುತ್ತದೆ. ಆದ್ದರಿಂದ ಅವನನ್ನು ವಿಮರ್ಶಕರು ದುರಂತ ನಾಯಕ ಎಂದರು. ಆರ್ಥಸ್‌ಗೆ ಆ ಅರಿವಿನ ಗಳಿಗೆಯೇ ಒದಗುವುದಿಲ್ಲ. 2003ರ ಮುಂದುವರಿದ ಭಾಗದಲ್ಲಿ ಅವನು ಇನ್ನೂ ದೊಡ್ಡ ಸಿಂಹಾಸನ ಏರಿ ಪ್ರೇತಲೋಕದ ಒಡೆಯ ಲಿಚ್ ಕಿಂಗ್ ಆಗುತ್ತಾನೆ. ಹಾಗಾಗಿ ಎರಡು ಪದಗಳನ್ನೂ ಬೇರೆಬೇರೆಯಾಗಿಯೇ ಬಳಸುವುದು ಒಳ್ಳೆಯದು. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕೈಲಾಸವನ್ನೇ ಎತ್ತುತ್ತಿರುವ ರಾವಣನ ಶಿಲ್ಪವನ್ನು ನೋಡಿರುತ್ತೀರಿ. ಶಿವಭಕ್ತನೇ ಶಿವನ ಬೆಟ್ಟವನ್ನು ಅಲುಗಿಸುವ ಆ ಚಿತ್ರದಲ್ಲಿಯೂ ಗುಣ ಮತ್ತು ಗರ್ವ ಒಂದೇ ಮೈಯಲ್ಲಿವೆ.

ಇನ್ನೊಂದು ಬಗೆಯ ಪತಿತ ನಾಯಕನೂ ಇದ್ದಾನೆ. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಗೇಮ್‌ನ ಲೋಗೆನ್ ಸಾಮಾನ್ಯರ ಮನೆಯಲ್ಲಿ ಹುಟ್ಟಿ, ಪರಕೀಯರ ಆಳ್ವಿಕೆಯಿಂದ ನಾಡನ್ನು ಬಿಡಿಸಿದ ಯುದ್ಧದಲ್ಲಿ ಹೆಸರು ಮಾಡಿ, ಸಾಮಂತ ಪದವಿಗೆ ಏರಿದವನು. ಆ ಪರಕೀಯರು ಮತ್ತೆ ಬಂದಾರೆಂಬ ಭಯ ಅವನನ್ನು ಒಳಗೇ ತಿನ್ನುತ್ತದೆ. ರಣರಂಗದಲ್ಲಿ ತರುಣ ರಾಜ ಕೇಲನ್‌ನನ್ನು ಸಾಯಲು ಬಿಟ್ಟು ಸೇನೆ ಹಿಂತೆಗೆದು, ತಾನೇ ಆಡಳಿತದ ಚುಕ್ಕಾಣಿ ಹಿಡಿಯುತ್ತಾನೆ. ಕೊನೆಯಲ್ಲಿ ಅವನ ತಲೆ ತೆಗೆಯಬೇಕೇ, ಉಳಿಸಿ ಪಾಪ ತೊಳೆಯಲು ಅವಕಾಶ ಕೊಡಬೇಕೇ ಎಂಬುದನ್ನು ಆ ಗೇಮ್ ಆಡುವವರ ವಿವೇಚನೆಗೆ ಬಿಡುತ್ತದೆ. ಆರ್ಥಸ್‌ನ ಕಥೆಯಲ್ಲಿ ಇಂಥ ಆಯ್ಕೆ ಎಲ್ಲಿಯೂ ಇಲ್ಲ. ಹಡಗು ಸುಡದೆ ಮುಂದಿನ ಅಧ್ಯಾಯ ತೆರೆಯುವುದೇ ಇಲ್ಲ.

ಹೊಸದಾಗಿ ಆಡಬೇಕೆನ್ನುವವರಿಗೆ 2020ರಲ್ಲಿ ಬಂದ ‘ರಿಫೋರ್ಜ್ಡ್’ ಆವೃತ್ತಿಯಲ್ಲಿಯೂ ಇದೇ ಕಥೆ ಸಿಗುತ್ತದೆ. ನೇರ ಸ್ಟ್ರಾಥೋಲ್ಮ್‌ಗೆ ಹಾರಬೇಡಿ. ಮೊದಲ ಅಧ್ಯಾಯದಿಂದ ಆಡಿ. ಅಲ್ಲಿ ಕಡ್ಡಾಯವಲ್ಲದ ಸಣ್ಣ ಕೆಲಸಗಳು ಸಿಗುತ್ತವೆ, ಕಾಡಿನ ಜೀವಿಗಳು ಹೊತ್ತೊಯ್ದ ಬಾಲಕನೊಬ್ಬನನ್ನು ಬಿಡಿಸಿ ತಾಯಿಗೆ ಒಪ್ಪಿಸುವಂಥವು. ಬೇಗ ಗೆಲ್ಲುವ ಆತುರದಲ್ಲಿ ಬಹಳ ಮಂದಿ ಅವನ್ನು ಬಿಟ್ಟು ಮುಂದೆ ಓಡುತ್ತಾರೆ. ಬಿಡದೆ ಮಾಡಿ, ಆಮೇಲೆ ಸ್ಟ್ರಾಥೋಲ್ಮ್‌ನ ಬಗ್ಗೆ ವಾದಕ್ಕೆ ಬನ್ನಿ.