ಎದುರಿಗೆ ನಿಂತವನು ಯಾರು?

ಬಾಕ್ಸಿಂಗ್ ತರಬೇತಿಗೆ ಹೊಸದಾಗಿ ಬರುವ ಹುಡುಗರು ತಮ್ಮ ದಾಖಲೆ ಹೇಳುವುದು ಒಂದೇ ಧಾಟಿಯಲ್ಲಿ: "ಸರ್, ಎಂಟು ಫೈಟ್, ಎಂಟೂ ಗೆದ್ದಿದ್ದೀನಿ." ನಾನು ಕೇಳುವುದೂ ಅದದೇ: "ಯಾರ ಮೇಲೆ? ಅವನ ತೂಕ ಎಷ್ಟಿತ್ತು? ನಿನ್ನ ಕೈಲಿ ಸೋತ ಮೇಲೆ ಅವನು ಬೇರೆ ಯಾರನ್ನಾದರೂ ಗೆದ್ದನೇನಪ್ಪಾ?" ಮೂರನೇ ಪ್ರಶ್ನೆಗೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಕುಸ್ತಿಯಲ್ಲಿ ಜೋಡಿ ಕಟ್ಟುವ ಹಿರಿಯರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಜೋಡಿ ನೋಡಿಕೊಂಡು ಕಟ್ಟಿದರೆ ಸಾಧಾರಣ ಹುಡುಗನನ್ನೂ ವರ್ಷಗಟ್ಟಲೆ ಸೋಲದಂತೆ ಇಡಬಹುದು.

ಹೆವಿವೇಟ್ ಚಾಂಪಿಯನ್ ಆಗಿದ್ದ ರಾಕಿ ಮಾರ್ಸಿಯಾನೊನನ್ನೇ ನೋಡಿ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಸೋತವರ ಪಟ್ಟಿಯಲ್ಲಿ ಜೋ ಲೂಯಿಸ್, ಜೆರ್ಸಿ ಜೋ ವಾಲ್ಕಾಟ್, ಎಜರ್ಡ್ ಚಾರ್ಲ್ಸ್, ಆರ್ಚಿ ಮೂರ್. ಹೆಸರುಗಳೇನೋ ಭಾರಿಯೇ, ಆದರೆ ಪಕ್ಕದಲ್ಲಿ ವಯಸ್ಸನ್ನೂ ಬರೆದುಕೊಳ್ಳಬೇಕು. 1951ರಲ್ಲಿ ಲೂಯಿಸ್‌ಗೆ 37. ಮರುವರ್ಷ ವಾಲ್ಕಾಟ್‌ಗೆ 38. 1955ರ ಹೊತ್ತಿಗೆ ಮೂರ್ ನಲವತ್ತರ ಆಸುಪಾಸು.

ಹಾಗಂತ ಮಾರ್ಸಿಯಾನೊ ಮುದುಕರನ್ನು ಹೊಡೆದು ದೊಡ್ಡವನಾದ ಎನ್ನುವವರ ಜೊತೆ ನಾನಿಲ್ಲ. ವಾಲ್ಕಾಟ್ ಪಂದ್ಯದ ಮೊದಲ ಸುತ್ತಿನಲ್ಲೇ ಅವನು ನೆಲ ಕಂಡಿದ್ದ. ಹನ್ನೆರಡು ಸುತ್ತು ಮುಗಿದಾಗ ಅಂಕ ಕೊಡುವ ಮೂವರ ಪಟ್ಟಿಯಲ್ಲೂ ವಾಲ್ಕಾಟ್ ಮುಂದಿದ್ದ. ಹದಿಮೂರರಲ್ಲಿ, ಹಗ್ಗದ ಹತ್ತಿರ, ಗೇಣುದ್ದ ಮಾತ್ರ ಚಲಿಸಿದ ಒಂದು ಬಲಗೈ ಪಂಚ್. ವಾಲ್ಕಾಟ್ ಕುಸಿದಾಗ ಅವನ ತೋಳು ಹಗ್ಗಕ್ಕೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಅಂಥ ವಾಲ್ಕಾಟ್ ಎದುರಿಗಿರದಿದ್ದರೆ ಸೋಲುತ್ತಿರುವಾಗ ಮಾರ್ಸಿಯಾನೊ ಏನು ಮಾಡುತ್ತಾನೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಫ್ಲಾಯ್ಡ್ ಮೇವೆದರ್‌ನ 50ನೇ ಗೆಲುವಿನಲ್ಲಿ ಇಂಥದ್ದೇನೂ ಇಲ್ಲ. 2017ರಲ್ಲಿ ಎದುರಿಗಿದ್ದ ಕಾನರ್ ಮೆಕ್‌ಗ್ರೆಗರ್‌ಗೆ ಅದು ಮೊಟ್ಟಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ. ದಾಖಲೆ ಪುಸ್ತಕದಲ್ಲಿ ಮಾತ್ರ ಅದೂ ಒಂದು ಗೆಲುವೇ.

ಎದುರಾಳಿಗಳ ಗುಣಮಟ್ಟ ಅಳೆಯುವಾಗ ಕೂಡಿಸಿ ಕಳೆಯುವ ಲೆಕ್ಕವೂ ಕೈಕೊಡುತ್ತದೆ. 1973ರಲ್ಲಿ ಕೆನ್ ನಾರ್ಟನ್ ಮುಹಮ್ಮದ್ ಅಲಿಯ ದವಡೆ ಮುರಿದು ಗೆದ್ದ. ಮರುವರ್ಷ ಜಾರ್ಜ್ ಫೋರ್‌ಮನ್ ಅದೇ ನಾರ್ಟನ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಕಿನ್ಶಾಸಾದಲ್ಲಿ, ಅಲಿ ಫೋರ್‌ಮನ್‌ನನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದ. ಮೂವರಲ್ಲಿ ಯಾರು ಮೇಲು ಎಂದು ಈ ಫಲಿತಾಂಶಗಳಷ್ಟರಿಂದಲೇ ಹೇಳಲು ಹೋದರೆ ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತೀರಿ. ಒಬ್ಬರ ಶೈಲಿ ಇನ್ನೊಬ್ಬರಿಗೆ ಕಂಟಕವಾಗುತ್ತಿತ್ತು, ಅಷ್ಟೇ.

ನನ್ನ ತಕ್ಕಡಿಯಲ್ಲಿ ತುಂಬ ತೂಗುವವನು ಎಜರ್ಡ್ ಚಾರ್ಲ್ಸ್. ದಾಖಲೆಯಲ್ಲಿ 25 ಸೋಲು ಕಂಡು ಹುಡುಗರು ಮೂಗು ಮುರಿಯುತ್ತಾರೆ. 1946ರಿಂದ 48ರೊಳಗೆ ಆರ್ಚಿ ಮೂರ್‌ನನ್ನು ಮೂರು ಸಲ ಎದುರಿಸಿ ಮೂರೂ ಸಲ ಗೆದ್ದವನು ಇವನು. ಆದರೂ ಅವರಿಬ್ಬರೂ ಆಡುತ್ತಿದ್ದ ಲೈಟ್ ಹೆವಿವೇಟ್ ತೂಕದ ಪಟ್ಟಕ್ಕೆ ಸೆಣಸುವ ಅವಕಾಶ ಇವನಿಗೆ ಸಿಗಲೇ ಇಲ್ಲ. ಮೇಲಿನ ತೂಕಕ್ಕೆ ಹೋಗಿ ಹೆವಿವೇಟ್ ಚಾಂಪಿಯನ್ ಆದ, ಪಟ್ಟ ಕಳೆದುಕೊಂಡ, ಕಾಲ ಮಿಂಚಿದ ಮೇಲೂ ಆಡುತ್ತಲೇ ಹೋದ. ಸೋಲುಗಳಲ್ಲಿ ಬಹುಪಾಲು ಆ ಕೊನೆಯ ವರ್ಷಗಳವು.

ಸೆಪ್ಟೆಂಬರ್ 1954ರಲ್ಲಿ ಮಾರ್ಸಿಯಾನೊ ಇವನನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಹುಡುಗರಿಗೆ ನಾನು ತೋರಿಸುವುದು ಆರನೇ ಸುತ್ತು. ಅಲ್ಲಿ ಮಾರ್ಸಿಯಾನೊನ ಮೂಗಿನ ತುದಿ ಸೀಳಿ ರಕ್ತ ಸುರಿಯುತ್ತಿದೆ, ಚಾರ್ಲ್ಸ್ ಇನ್ನೂ ಅವನ ಎದುರಿಗೇ ನಿಂತಿದ್ದಾನೆ.