ಮೃಗಶಿರ ಮಳೆ ಮತ್ತು ವಿಭೂತಿಹಳ್ಳಿಯ ಕಲ್ಲುಗಳು

ಕಲಬುರಗಿ, ಯಾದಗಿರಿ ಕಡೆ ಈಗಲೂ ಬಿತ್ತನೆಯ ಮಾತು ಶುರುವಾಗುವುದು ನಕ್ಷತ್ರದಿಂದಲೇ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಗಾದೆ ಕೇಳದ ರೈತರು ಕಡಿಮೆ. ಮೃಗಶಿರ ಹಿಡಿಯಿತು ಅಂದರೆ ತೊಗರಿ, ಹೆಸರು ಬಿತ್ತುವ ಗಡಿಬಿಡಿ. ಹಿಂಗಾರಿ ಜೋಳಕ್ಕೆ ಉತ್ತರಿ, ಹಸ್ತದ ಕಡೆ ಕಣ್ಣು. ವಾಟ್ಸಾಪ್‌ನಲ್ಲಿ ಹವಾಮಾನ ಇಲಾಖೆಯ ಸುದ್ದಿ ಬಂದರೂ ಕ್ಯಾಲೆಂಡರ್‌ನಲ್ಲಿ ಮಳೆ ನಕ್ಷತ್ರ ನೋಡುವುದು ನಿಂತಿಲ್ಲ.

ಮೃಗಶಿರ ಮಳೆ ಎಂದರೆ ಸೂರ್ಯ ಮೃಗಶಿರ ನಕ್ಷತ್ರದಲ್ಲಿರುವ ಹದಿಮೂರು, ಹದಿನಾಲ್ಕು ದಿನ. ಜೂನ್ 8ರ ಸುಮಾರಿಗೆ ಅದು ಶುರು. ಆದರೆ ಸೂರ್ಯ ಅಲ್ಲೇ ಇದ್ದರೆ ಆ ನಕ್ಷತ್ರ ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ? ಹಾಗಾದರೆ ಪಂಚಾಂಗ ಅಚ್ಚಾಗದ ಕಾಲದಲ್ಲಿ ಇದನ್ನು ಗುರುತು ಹಿಡಿದದ್ದು ಹೇಗೆ? ಸಾಲಾಗಿ ನಿಂತ ಮೂರು ಚುಕ್ಕಿ ಎಲ್ಲರಿಗೂ ಗೊತ್ತು. ಮೃಗಶಿರ ಇರುವುದು ಅವುಗಳ ಪಕ್ಕದಲ್ಲೇ. ಚಳಿಗಾಲದಲ್ಲಿ ನೆತ್ತಿಯ ಹತ್ತಿರ ಬರುವ ಈ ಗುಂಪು ಏಪ್ರಿಲ್, ಮೇ ಹೊತ್ತಿಗೆ ಸಂಜೆ ಪಡುವಣಕ್ಕೆ ಇಳಿಯುತ್ತದೆ. ದಿನಾ ಸ್ವಲ್ಪ ಕೆಳಗೆ ಹೋಗಿ ಒಂದು ಸಂಜೆ ಕಾಣೆಯಾಗುತ್ತದೆ. ಹಾಗೆ ಕಾಣೆಯಾಯಿತು ಅಂದರೆ ಸೂರ್ಯ ಅದರ ಹತ್ತಿರ ಬಂದ ಎಂದೇ ಲೆಕ್ಕ. ಅದೇ ದಿನಗಳಲ್ಲಿ ನಡುರಾತ್ರಿ ಎದ್ದು ನೋಡಿದರೆ ಎದುರು ದಿಕ್ಕಿನ ಜ್ಯೇಷ್ಠಾ, ಮೂಲಾ ನಕ್ಷತ್ರಗಳು ದಕ್ಷಿಣದಲ್ಲಿ ಮೇಲೆ ಬಂದಿರುತ್ತವೆ. ಹಳೆಯ ಈಜಿಪ್ಟಿನವರು ಇದರ ಇನ್ನೊಂದು ತುದಿ ಹಿಡಿದರು. ಕೆಲವು ವಾರ ಮರೆಯಾಗಿದ್ದ ಲುಬ್ಧಕ (ಸಿರಿಯಸ್) ನಕ್ಷತ್ರ ಬೆಳಗಿನ ಜಾವ ಮತ್ತೆ ಮೂಡಿದರೆ ನೈಲ್ ನದಿಗೆ ನೆರೆ ಬರುವ ಕಾಲ ಹತ್ತಿರವಾಯಿತು ಎಂದು ತಿಳಿಯುತ್ತಿದ್ದರು.

ನಕ್ಷತ್ರದ ಈ ಲೆಕ್ಕಕ್ಕಿಂತ ಬೇರೆಯದೇ ಒಂದು ದಾರಿ ಇದೆ. ಅದನ್ನು ನೋಡಲು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಗೆ ಹೋಗಬೇಕು. ಅಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಚೌಕ ಚೌಕವಾಗಿ ಸಾಲು ಹಿಡಿದು ಇಟ್ಟಿದ್ದಾರೆ. ಬೃಹತ್ ಶಿಲಾಯುಗದವರ ಕೆಲಸ, ಎರಡು ಮೂರು ಸಾವಿರ ವರ್ಷದ ಹಿಂದಿನದು. ಕೊಡೇಕಲ್ ಹತ್ತಿರದ ಹನಮಸಾಗರದಲ್ಲಿ ಇದಕ್ಕಿಂತ ದೊಡ್ಡ ಹರವಿದೆ, ಸುಮಾರು 2,500 ಕಲ್ಲು. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಸೀಮೆಯ ಶಿಲಾಸಮಾಧಿ, ಕಲ್ಲಿನ ಸಾಲುಗಳ ಬಗ್ಗೆ ಬರೆದ. 1956ರಲ್ಲಿ ಪುರಾತತ್ವಜ್ಞ ಆಲ್ಚಿನ್ ಇಂಥ ಸಾಲುಗಳ ಮೇಲೆ ಲೇಖನ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ 1993ರಲ್ಲಿ ವಿಭೂತಿಹಳ್ಳಿಯ ಸಾಲುಗಳ ದಿಕ್ಕು ಪರಿಶೀಲಿಸಿ, ಹಗಲು ಇರುಳು ಸಮವಾಗುವ ದಿನ ಮತ್ತು ಅಯನ ತಿರುಗುವ ದಿನ ಸೂರ್ಯ ಹುಟ್ಟುವ, ಮುಳುಗುವ ಕಡೆಗೆ ಸಾಲುಗಳು ಮುಖ ಮಾಡಿವೆ ಎಂದು ವಾದಿಸಿದರು.

ಇದರ ಹಿಂದಿನ ಲೆಕ್ಕ ಸುಲಭ. ಶಹಾಪುರದಲ್ಲಿ ಸೂರ್ಯ ನಟ್ಟ ನಡು ಮೂಡಣದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್‌ ಮತ್ತು ಸೆಪ್ಟೆಂಬರ್‌ನಲ್ಲಿ. ಜೂನ್ 21ರ ಹೊತ್ತಿಗೆ ಅವನು ಅಲ್ಲಿಂದ ಉತ್ತರಕ್ಕೆ ಸುಮಾರು 24.5 ಡಿಗ್ರಿ ಸರಿದಿರುತ್ತಾನೆ. ಡಿಸೆಂಬರ್ 21, 22ಕ್ಕೆ ದಕ್ಷಿಣಕ್ಕೆ ಅಷ್ಟೇ. ಮಾರ್ಚ್‌ನಲ್ಲಿ ದಿನಕ್ಕೆ ಹೆಚ್ಚುಕಡಿಮೆ ತನ್ನ ಅಗಲದಷ್ಟು ಸರಿಯುವ ಸೂರ್ಯ ಜೂನ್‌ನಲ್ಲಿ ಐದಾರು ದಿನ ನಿಂತಲ್ಲೇ ನಿಂತಂತೆ ಕಾಣುತ್ತಾನೆ. ಬರಿಗಣ್ಣಿಗೆ ತಿರುಗುವ ದಿನ ಸಿಗುವುದಿಲ್ಲ. ಅದಕ್ಕೇ ಉದ್ದ ಸಾಲು ಬೇಕು, ಅಲುಗದ ಕಲ್ಲು ಬೇಕು.

ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅಷ್ಟೊಂದು ಸಾಲು ಹಾಕಿದರೆ ಯಾವುದಾದರೂ ಒಂದು ಸೂರ್ಯನ ಕಡೆ ನೋಡಿಯೇ ನೋಡುತ್ತದೆ ಎಂಬ ಆಕ್ಷೇಪ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೂ ನನಗೆ ರಾವ್ ಅವರ ಮಾತೇ ಸರಿ ಅನಿಸುತ್ತದೆ. ಇಷ್ಟು ಭಾರದ ಕಲ್ಲನ್ನು ಇಷ್ಟು ಅಚ್ಚುಕಟ್ಟಾಗಿ ಸಾಲು ಹಿಡಿದವರಿಗೆ ದಿಕ್ಕಿನ ಅರಿವು ಇರಲಿಲ್ಲ ಅನ್ನುವುದು ಕಷ್ಟ.

ಆಮೇಲೆ ಆಕಾಶದ ಲೆಕ್ಕ ಅರಮನೆಗೂ ಬಂತು. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ನೀಲಗುಂದ, ಸಿರೂರು ಶಾಸನಗಳನ್ನೇ ತೆಗೆದುಕೊಳ್ಳಿ. ಶಕ 788, ಜ್ಯೇಷ್ಠ ಅಮಾವಾಸ್ಯೆ, ಭಾನುವಾರ, ಸೂರ್ಯಗ್ರಹಣ ಎಂದು ಅವುಗಳಲ್ಲಿದೆ. ಅದು 866ರ ಜೂನ್ 16. ವಾರ ಲೆಕ್ಕ ಹಾಕಿ ನೋಡಿದರೆ ಭಾನುವಾರವೇ ಬರುತ್ತದೆ. ಮಹಾವೀರಾಚಾರ್ಯ ಗಣಿತ ಗ್ರಂಥ ಬರೆದದ್ದೂ ಇದೇ ದೊರೆಯ ಕಾಲದಲ್ಲಿ. ಮುಂದೆ ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದ್ ಹತ್ತಿರ ವೀಕ್ಷಣಾಲಯ ಕಟ್ಟಿಸಲು ಹೊರಟ. ಅದರ ಹೊಣೆ ಹೊತ್ತಿದ್ದ ಹಕೀಂ ಹಸನ್ ಗೀಲಾನಿ ತೀರಿಕೊಂಡ ಮೇಲೆ ಕೆಲಸ ಅರ್ಧಕ್ಕೇ ನಿಂತಿತು.

ಇನ್ನು ನಕ್ಷತ್ರದ ಲೆಕ್ಕಕ್ಕೂ ಕಲ್ಲಿನ ಲೆಕ್ಕಕ್ಕೂ ಇರುವ ವ್ಯತ್ಯಾಸ. ಭೂಮಿಯ ಅಕ್ಷ ಬಲು ನಿಧಾನಕ್ಕೆ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ನಕ್ಷತ್ರದ ಲೆಕ್ಕ ಋತುವಿನಿಂದ 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತದೆ. ಸಂಕ್ರಾಂತಿಯೇ ಸಾಕ್ಷಿ. ಉತ್ತರಾಯಣ ಶುರುವಾಗುವುದು ಡಿಸೆಂಬರ್‌ನಲ್ಲಿ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14, 15ಕ್ಕೆ. ಹಿಂದಿನ ಕಾಲದಲ್ಲಿ ದಕ್ಷಿಣಾಯನ ಬೇರೆ ನಕ್ಷತ್ರದಲ್ಲಿ ಶುರುವಾಗುತ್ತಿತ್ತು ಎಂದು ಆರನೇ ಶತಮಾನದ ವರಾಹಮಿಹಿರನೇ ಬರೆದಿದ್ದಾನೆ.

ಇದೇ ಲೆಕ್ಕವನ್ನು ಮಳೆಗೆ ಹಚ್ಚಿ ನೋಡಿ. ವರಾಹಮಿಹಿರನ ಕಾಲದಲ್ಲಿ ಸೂರ್ಯ ಮೃಗಶಿರಕ್ಕೆ ಬರುತ್ತಿದ್ದದ್ದು ಈಗಿನ ಮೇ ಮೂರನೇ ವಾರಕ್ಕೆ. ನಮ್ಮ ಕಡೆ ಮುಂಗಾರು ಮುಟ್ಟುವುದು ಜೂನ್‌ನಲ್ಲಿ. ಆಗ ಮೃಗಶಿರ ನೋಡಿ ತೊಗರಿ ಬಿತ್ತಿದ್ದರೆ ಬೀಜ ಒಣ ನೆಲದಲ್ಲೇ ಇರುತ್ತಿತ್ತು. ಹಾಗಾಗಿ ಮಳೆ ಗಾದೆಗಳು ಅನಾದಿ ಕಾಲದವು ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಲೆಮಾರಿಗೊಮ್ಮೆ ಯಾರೋ ಮಳೆಯನ್ನೂ ಚುಕ್ಕಿಯನ್ನೂ ಜೊತೆಗಿಟ್ಟು ನೋಡಿ ಮಾತು ತಿದ್ದಿದ್ದಾರೆ. ನನಗೆ ಅವರ ಮೇಲೆ ಜಾಸ್ತಿ ಗೌರವ ಬರುವುದು ಇದಕ್ಕೇ.

ದಿಗಂತದಲ್ಲಿ ಸೂರ್ಯ ಹುಟ್ಟುವ ಜಾಗ ನೋಡುವ ಕಲ್ಲಿನ ಲೆಕ್ಕಕ್ಕೆ ಇಂಥ ಜಾರಿಕೆ ಇಲ್ಲ. ಮೂರು ಸಾವಿರ ವರ್ಷದಲ್ಲಿ ಸೂರ್ಯ ತಿರುಗುವ ಜಾಗ ಸರಿದಿರುವುದು ಅರ್ಧ ಡಿಗ್ರಿಗೂ ಕಡಿಮೆ. ಸಾಲುಗಳು ಇದಕ್ಕೇ ಇಟ್ಟವಾಗಿದ್ದರೆ ವಿಭೂತಿಹಳ್ಳಿಯಲ್ಲಿ ಇವತ್ತೂ ನಿಂತು ಪರೀಕ್ಷೆ ಮಾಡಬಹುದು. ಆದರೆ ಕಲ್ಲು ಇದ್ದಲ್ಲೇ ಇರಬೇಕು. ಒಂದನ್ನು ಬದುವಿಗೆ ಉರುಳಿಸಿದರೆ, ಇನ್ನೊಂದನ್ನು ಒಡೆದು ಜಲ್ಲಿ ಮಾಡಿದರೆ ಆ ಸಾಲಿನ ಉತ್ತರವೇ ಹೋಯಿತು. ಒಂದೊಂದು ಕಲ್ಲಿಗೂ ನಂಬರ್ ಕೊಟ್ಟು, ಜಿಪಿಎಸ್‌ನಲ್ಲಿ ಜಾಗ ಗುರುತಿಸಿ, ಆ ನಕ್ಷೆಯನ್ನು ಶಹಾಪುರ, ಸುರಪುರದ ಶಾಲೆ ಕಾಲೇಜುಗಳಿಗೆ ಕೊಡಬೇಕು. ಜೂನ್‌ನಲ್ಲಿ ಮೋಡ ಅಡ್ಡ ಬರುತ್ತದೆ. ಡಿಸೆಂಬರ್ 22ರ ಬೆಳಿಗ್ಗೆ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಆರೂವರೆಗೆ ಮುಂಚೆಯೇ ಅಲ್ಲಿರಲಿ.